ಅಂಗಾಲಿನ ಗಂಟೆಲ್ಲ ನರಹುಲಿಯಲ್ಲ

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಕಾಲಿಗೆ ಒಂದು ಗಂಟು ಎದ್ದರೆ ಅದಕ್ಕೆ ಹೆಸರಿಡುವುದು ತಡವಾಗುವುದಿಲ್ಲ. ಮನೆಯಲ್ಲಿ ಕನ್ನಡ ಆಡುವವರು ಆಣಿ ಅಥವಾ ನರಹುಲಿ ಎನ್ನುತ್ತಾರೆ. ಪೇಟೆಗೆ ಹೋದರೆ ಅದೇ ಗಂಟು ಕುರೂಪ ಅಥವಾ ಚಾಮಖೀಳ ಆಗುತ್ತದೆ. ಹೆಸರು ಬಿದ್ದ ಮೇಲೆ ಮದ್ದಿಗೂ ತಡವಿಲ್ಲ. ಒಬ್ಬರು ಬ್ಲೇಡಿನಿಂದ ಕೆತ್ತು ಎನ್ನುತ್ತಾರೆ, ಇನ್ನೊಬ್ಬರು ಬಿಬ್ಬಾ ಚುಚ್ಚಿ ಸುಡು ಎನ್ನುತ್ತಾರೆ, ಮತ್ತೊಬ್ಬರು ಮೆಡಿಕಲ್ ಅಂಗಡಿಯಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುತ್ತಾರೆ.

ಆದರೆ ಪಾದದ ಮೇಲೆ ಏಳುವ ಗಂಟುಗಳು ಹತ್ತಾರು ಬಗೆಯವು. ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಅವನ್ನು ಹಾಗೇ ಬಿಟ್ಟರೂ ಜೀವಕ್ಕೆ ಅಪಾಯವಿಲ್ಲ. ಬೆರಳೆಣಿಕೆಯಷ್ಟು ಮಾತ್ರ ಅಪಾಯಕಾರಿ. ಕಷ್ಟವೆಂದರೆ ಎಲ್ಲವನ್ನೂ ನರಹುಲಿ ಎಂದು ತಿಳಿದು ಸುಡುವುದರಿಂದ ಎರಡು ರೀತಿಯ ನಷ್ಟ ಆಗುತ್ತದೆ. ಏನೂ ಮಾಡಬೇಕಿಲ್ಲದ ಗಂಟಿಗೆ ಗಾಯವಾಗಿ ಕೀವು ತುಂಬುತ್ತದೆ. ತಕ್ಷಣ ತೋರಿಸಬೇಕಾದ ಗಂಟು ಮನೆಮದ್ದಿನಲ್ಲೇ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಆದ್ದರಿಂದ ಮೊದಲು ಗುರುತು, ಆಮೇಲೆ ಮದ್ದು.

ಹೆಸರಿನಲ್ಲೇ ಇರುವ ಗೊಂದಲ

ಕನ್ನಡದಲ್ಲಿ ಆಣಿ ಎಂದರೆ ಮೊಳೆ ಎಂಬ ಅರ್ಥವೂ ಇದೆ. ಮರಾಠಿಯ ಚಾಮಖೀಳ ಎಂಬ ಮಾತು ಸಂಸ್ಕೃತದ ಚರ್ಮಕೀಲದಿಂದ ಬಂದದ್ದು. ಕೀಲ ಎಂದರೂ ಮೊಳೆಯೇ. ಹೀಗಾಗಿ ಎರಡೂ ಭಾಷೆಯವರ ಮನಸ್ಸಿನಲ್ಲಿ ಇದು ಒಳಗೆ ಹೊಡೆದ ಮೊಳೆ, ಬೇರುಸಮೇತ ಕಿತ್ತರೆ ಮಾತ್ರ ಹೋಗುತ್ತದೆ ಎಂಬ ಭಾವನೆ ಕೂತಿದೆ. ನರಹುಲಿ ಎಂಬ ಹೆಸರಿನಲ್ಲಿ ನರ ಎಂಬುದು ಕೇಳಿಸುವುದರಿಂದ, ಕುಯ್ದರೆ ನರ ಹರಿಯುತ್ತದೆ ಎಂದು ಹೆದರುವವರೂ ಇದ್ದಾರೆ.

ವಾಸ್ತವದಲ್ಲಿ ಎರಡಕ್ಕೂ ಬೇರಿಲ್ಲ. ಆಣಿ ಮತ್ತು ನರಹುಲಿ ಎರಡೂ ಚರ್ಮದ ಮೇಲಿನ ಪದರದಲ್ಲೇ ಹುಟ್ಟಿ ಅಲ್ಲೇ ಇರುತ್ತವೆ. ದೇಹದ ಭಾರ ಬಿದ್ದಾಗ ಒಳಮುಖವಾಗಿ ಒತ್ತಿಕೊಳ್ಳುತ್ತವೆ, ಅಷ್ಟೆ. ಬೇರು ಹುಡುಕಿಕೊಂಡು ಆಳಕ್ಕೆ ಅಗೆದವರಿಗೆ ಸಿಗುವುದು ಬೇರಲ್ಲ, ರಕ್ತ ಮತ್ತು ಗಾಯ. ಆ ಗಾಯ ಮಾಯ್ದು ಉಳಿಯುವ ಗಟ್ಟಿ ಕಲೆ ಅಂಗಾಲಿನಲ್ಲಿ ಮೂಲ ಗಂಟಿಗಿಂತ ಹೆಚ್ಚು ನೋಯಿಸಬಹುದು.

ನಿಜವಾದ ನರಹುಲಿ

ನರಹುಲಿ ಒಂದು ಸೋಂಕು. ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬ ವೈರಸ್ಸಿನ ಕೆಲವು ತಳಿಗಳು, ಮುಖ್ಯವಾಗಿ 1, 2, 4, 27 ಮತ್ತು 57ನೇ ಸಂಖ್ಯೆಯವು, ಇದಕ್ಕೆ ಕಾರಣ. ನರಹುಲಿ ಅಂಟುವಂಥದ್ದು ಎಂದು 1907ರಲ್ಲಿ ಇಟಲಿಯ ವೈದ್ಯ ಚಿಯುಫೊ ತೋರಿಸಿದರು. ನರಹುಲಿಯನ್ನು ಅರೆದು ಸೋಸಿದ ರಸವನ್ನು ತಮ್ಮ ಚರ್ಮಕ್ಕೇ ಚುಚ್ಚಿಕೊಂಡು ಅವರು ಇದನ್ನು ಸಾಬೀತು ಮಾಡಿದರು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾಗುವುದೂ ಇದೇ ಕುಟುಂಬದ ವೈರಸ್, ಆದರೆ ಆ ತಳಿಗಳು ಬೇರೆ. ಕಾಲಿನ ಸಾಮಾನ್ಯ ನರಹುಲಿ ಕ್ಯಾನ್ಸರ್ ಅಲ್ಲ.

ಅಂಗಾಲಿನ ನರಹುಲಿಯನ್ನು ಮೂರು ಗುರುತುಗಳಿಂದ ತಿಳಿಯಬಹುದು.

1. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಂಥ ಸಣ್ಣ ಗೆರೆಗಳಿವೆ. ನರಹುಲಿ ಇರುವಲ್ಲಿ ಆ ಗೆರೆಗಳು ಕಡಿದುಹೋಗಿ ಅದನ್ನು ಸುತ್ತಿಕೊಂಡು ಹೋಗುತ್ತವೆ.

2. ಮೇಲಿನ ಒರಟು ಪದರ ತಿಕ್ಕಿ ತೆಗೆದರೆ ಒಳಗೆ ಎಳ್ಳಿನ ಚೂರಿನಂಥ ಕಪ್ಪು ಚುಕ್ಕೆಗಳು ಕಾಣುತ್ತವೆ. ಜನ ಇದನ್ನೇ ಬೇರು ಎನ್ನುತ್ತಾರೆ. ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು.

3. ಮೇಲಿನಿಂದ ಒತ್ತಿದಾಗಿನ ನೋವಿಗಿಂತ ಎರಡು ಬದಿಯಿಂದ ಚಿವುಟಿದಾಗ ನೋವು ಹೆಚ್ಚು.

ಶಾಲೆಗೆ ಹೋಗುವ ಮಕ್ಕಳಲ್ಲಿ, ಹರೆಯದವರಲ್ಲಿ ಇದು ಹೆಚ್ಚು. ಎಲ್ಲರೂ ಬರಿಗಾಲಲ್ಲಿ ಓಡಾಡುವ ಒದ್ದೆ ನೆಲ, ವಸತಿ ಶಾಲೆಯ ಬಚ್ಚಲು, ಒಬ್ಬರು ಬಳಸಿದ ಕಾಲೊರಸುವ ಕಲ್ಲನ್ನು ಇನ್ನೊಬ್ಬರು ಬಳಸುವುದು, ಇವೆಲ್ಲ ಹರಡುವ ದಾರಿಗಳು. ಸಮಾಧಾನದ ಸಂಗತಿ ಎಂದರೆ ಮಕ್ಕಳ ನರಹುಲಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಬಿದ್ದುಹೋಗುತ್ತವೆ. ದೇಹಕ್ಕೆ ವೈರಸ್ಸಿನ ಗುರುತು ಹತ್ತಿದ ದಿನ ಅದೇ ಅದನ್ನು ಓಡಿಸುತ್ತದೆ. ದೇವರಿಗೆ ಉಪ್ಪು ಅರ್ಪಿಸುವ ಹರಕೆ ಫಲಿಸಿತು, ಮಂತ್ರ ಹಾಕಿಸಿದ್ದು ಹತ್ತಿತು ಎಂದು ಜನ ಹೇಳುವುದರ ಹಿಂದೆ ಈ ಗುಣವೂ ಇದೆ. ಹರಕೆಯಿಂದ ಕಾಲಿಗೆ ಗಾಯವಂತೂ ಆಗುವುದಿಲ್ಲ.

ಆಣಿ ಮತ್ತು ದಡ್ಡು

ನರಹುಲಿ ಎಂದು ಅತಿ ಹೆಚ್ಚು ತಪ್ಪಾಗಿ ತಿಳಿಯುವುದು ಆಣಿಯನ್ನು. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒತ್ತಡ ಮತ್ತು ತಿಕ್ಕಾಟಕ್ಕೆ ಚರ್ಮ ಕೊಡುವ ಉತ್ತರ ಇದು. ಒತ್ತಡ ಅಗಲವಾಗಿದ್ದರೆ ಚರ್ಮ ಅಗಲವಾಗಿ ದಪ್ಪಗಾಗುತ್ತದೆ. ಅದು ದಡ್ಡು, ಮರಾಠಿಯಲ್ಲಿ ಘಟ್ಟಾ. ಒತ್ತಡ ಒಂದೇ ಬಿಂದುವಿನಲ್ಲಿದ್ದರೆ ಅಲ್ಲಿ ಬೀಜದಂಥ ಗಟ್ಟಿ ನಡುಭಾಗ ಮೂಡುತ್ತದೆ. ಅದು ಆಣಿ, ಮರಾಠಿಯಲ್ಲಿ ಕುರೂಪ ಅಥವಾ ಭೋವರಿ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಇದಕ್ಕೆ ಕದರ ಎಂಬ ಹೆಸರಿದೆ. ಕಲ್ಲು ಹರಳು, ಮುಳ್ಳು ಪಾದಕ್ಕೆ ತಾಗಿ ಬೋರೆಹಣ್ಣಿನ ಅಳತೆಯ ಗಂಟು ಏಳುವುದನ್ನು ಅಲ್ಲಿ ಹೇಳಿದೆ.

ದಡ್ಡಿನಲ್ಲಿ ಚರ್ಮದ ಗೆರೆಗಳು ಕಡಿಯದೆ ಮೇಲಿನಿಂದ ಹಾದುಹೋಗುತ್ತವೆ. ಆಣಿಯಲ್ಲಿ ಕಪ್ಪು ಚುಕ್ಕೆ ಇರುವುದಿಲ್ಲ, ತಿಕ್ಕಿದರೆ ಮೇಣದಂಥ ಹಳದಿ ನಡುಭಾಗ ಕಾಣುತ್ತದೆ. ನೇರವಾಗಿ ಒತ್ತಿದಾಗ ನೋವು ಹೆಚ್ಚು, ಬದಿಯಿಂದ ಚಿವುಟಿದರೆ ಕಡಿಮೆ. ಎಲುಬು ಉಬ್ಬಿದ ಜಾಗ, ಬೆರಳ ಬುಡ, ಕಿರುಬೆರಳ ಹೊರಮೈ ಇದರ ಠಿಕಾಣಿಗಳು.

ನಮ್ಮ ಕಡೆ ಆಣಿ ಏಕೆ ಹೆಚ್ಚು ಎಂದು ಕೇಳುವ ಅಗತ್ಯವೇ ಇಲ್ಲ. ಸೊಲ್ಲಾಪುರದ ಪವರ್‌ಲೂಮಿನಲ್ಲಿ ಪಾಳಿ ಪೂರ್ತಿ ನಿಂತು ಚಾದರ, ಟಾವೆಲ್ ನೇಯುವವರ ಅಂಗಾಲು ದಡ್ಡುಗಟ್ಟುತ್ತದೆ. ದಿನವಿಡೀ ಕಾಲು ಮಡಿಚಿ ಕೂತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕಾಲಿನ ಗಿಣ್ಣಿನ ಹೊರಬದಿಯಲ್ಲಿ ಕಪ್ಪಗಿನ ದಪ್ಪ ಗುರುತು ಬೀಳುತ್ತದೆ. ಬಿಗಿಯಾದ ಕಾಲುಂಗುರ, ಅಂದರೆ ಜೋಡವಿ, ಬೆರಳುಗಳ ನಡುವೆ ಒತ್ತಿ ಮೆತ್ತನೆಯ ಬಿಳಿ ಆಣಿ ಮಾಡುತ್ತದೆ. ಬೆವರಿನಲ್ಲಿ ನೆನೆದು ಬಿಳಿಯಾಗುವ ಇದನ್ನು ಕೆಸರುಹುಣ್ಣು ಎಂದು ತಿಳಿದು ಬೇರೆ ಮುಲಾಮು ಹಚ್ಚುವವರಿದ್ದಾರೆ. ಕೋಜಾಗಿರಿ ಹುಣ್ಣಿಮೆಗೆ ಸೊಲ್ಲಾಪುರದಿಂದ ತುಳಜಾಪುರಕ್ಕೆ ಸುಮಾರು 45 ಕಿಲೋಮೀಟರ್ ನಡೆಯುವವರು, ಆಷಾಢಿಗೆ ಪಂಢರಪುರದ ವಾರಿ ಮಾಡುವವರು, ಯುಗಾದಿ ಸುಮಾರಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು, ಎಲ್ಲರ ಕಾಲಲ್ಲೂ ಇದರ ಗುರುತು ಇರುತ್ತದೆ.

ಇದಕ್ಕೆ ಔಷಧಕ್ಕಿಂತ ಮೊದಲು ಬೇಕಾದದ್ದು ಚಪ್ಪಲಿ. ಒತ್ತಡ ಇರುವವರೆಗೆ ಎಷ್ಟು ಸಲ ಕೆತ್ತಿದರೂ ಆಣಿ ಮತ್ತೆ ಬೆಳೆಯುತ್ತದೆ. ಅಟ್ಟೆ ಸವೆದ ಹವಾಯಿ ಚಪ್ಪಲಿ ಬಿಟ್ಟು ಮೆತ್ತನೆ ಅಟ್ಟೆಯ, ಮುಂಭಾಗ ಅಗಲ ಇರುವ ಚಪ್ಪಲಿ ಹಾಕಿಕೊಂಡರೆ, ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ ಕಲ್ಲಿನಿಂದ ಹಗುರವಾಗಿ ತಿಕ್ಕಿ ಎಣ್ಣೆ ಹಚ್ಚಿದರೆ, ಕೆಲವು ವಾರಗಳಲ್ಲಿ ಬಹಳ ಮಟ್ಟಿಗೆ ಇಳಿಯುತ್ತದೆ.

ನರಹುಲಿಯಂತೆ ಕಾಣುವ ಇತರ ನಿರುಪದ್ರವಿ ಗಂಟುಗಳು

ಬೆವರುಗ್ರಂಥಿಯ ಗಂಟು: ವೈದ್ಯರು ಇದನ್ನು ಎಕ್ರೈನ್ ಪೊರೋಮಾ ಎನ್ನುತ್ತಾರೆ. 1956ರಲ್ಲಿ ಮೊದಲ ಬಾರಿಗೆ ಪ್ರತ್ಯೇಕವಾಗಿ ಗುರುತಿಸಿದ್ದು. ಅಂಗಾಲಿನಲ್ಲಿ ಬೆವರುಗ್ರಂಥಿಗಳು ದಟ್ಟವಾಗಿರುವುದರಿಂದ ಅಂಗಾಲು ಮತ್ತು ಪಾದದ ಬದಿ ಇದರ ಮೆಚ್ಚಿನ ಜಾಗ. ಸಾಮಾನ್ಯವಾಗಿ ನಡುವಯಸ್ಸು ದಾಟಿದವರಲ್ಲಿ ಒಂದೇ ಒಂದು ಗಂಟು ಇರುತ್ತದೆ. ನಸುಗೆಂಪು ಬಣ್ಣ, ತೇವ ಮೈ, ಸುತ್ತಲೂ ಕೋಟೆಯ ಕಂದಕದಂತೆ ಸಣ್ಣ ತಗ್ಗು. ಚಪ್ಪಲಿ ತಾಗಿದರೂ ರಕ್ತ ಬರುತ್ತದೆ. ಇದನ್ನು ಸುಡುವುದಲ್ಲ, ಪೂರ್ತಿ ತೆಗೆಸಿ ಪರೀಕ್ಷೆಗೆ ಕಳಿಸಬೇಕು. ವರ್ಷಗಟ್ಟಲೆ ಬಿಟ್ಟರೆ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುವುದುಂಟು.

ಬೆರಳಿನ ಕೊಂಬು: ಕಾಲ್ಬೆರಳ ಮೇಲೆ, ಹೆಚ್ಚಾಗಿ ಉಗುರಿನ ಹತ್ತಿರ, ಚರ್ಮದ ಬಣ್ಣದ ಸಣ್ಣ ಕೊಂಬಿನಂತೆ ಏಳುತ್ತದೆ. ಬುಡದಲ್ಲಿ ಕೊರಳಪಟ್ಟಿಯಂತೆ ಚರ್ಮ ಎದ್ದಿರುತ್ತದೆ. ಇದರ ವೈದ್ಯಕೀಯ ಹೆಸರು ಫೈಬ್ರೊಕೆರಟೋಮಾ. ಒಂದೇ ಇದ್ದರೆ ಚಿಂತೆಯಿಲ್ಲ, ಅಡ್ಡಿಯಾದರೆ ತೆಗೆಸಬಹುದು. ಆದರೆ ಹಲವು ಉಗುರುಗಳ ಸುತ್ತ ಇಂಥವು ಎದ್ದಿದ್ದು, ಆ ವ್ಯಕ್ತಿಗೆ ಮೂರ್ಛೆರೋಗವೂ ಇದ್ದರೆ ವೈದ್ಯರಿಗೆ ಎರಡನ್ನೂ ಒಟ್ಟಿಗೆ ಹೇಳಬೇಕು. ಎರಡರ ಮೂಲ ಒಂದೇ ಕಾಯಿಲೆ ಇರಬಹುದು.

ಗಿಲಾವು ಚಕ್ಕೆ: ವಯಸ್ಸಾದವರ ಪಾದದ ಮೇಲ್ಭಾಗ, ಗಿಣ್ಣಿನ ಸುತ್ತ ಬೂದು-ಬಿಳಿ ಬಣ್ಣದ ಸಣ್ಣ ಚಕ್ಕೆಗಳು, ಗೋಡೆಯ ಗಿಲಾವು ಸಿಡಿದು ಅಂಟಿದಂತೆ. ಉಗುರಿನಿಂದ ಕೆರೆದರೆ ರಕ್ತ ಬಾರದೆ ಉದುರುತ್ತವೆ. ಇವು ಅಂಟುವುದಿಲ್ಲ, ಮದ್ದೂ ಬೇಕಿಲ್ಲ.

ಗುಂಡಿಯಂಥ ಗಂಟು: ಮೊಣಕಾಲಿನ ಕೆಳಗೆ, ಕೆಲವೊಮ್ಮೆ ಪಾದದ ಮೇಲೆ, ಅಂಗಿಯ ಗುಂಡಿಯಷ್ಟು ಗಟ್ಟಿ ಕಂದು ಗಂಟು. ಎರಡು ಬೆರಳಿನಿಂದ ಹಿಡಿದು ಒತ್ತಿದರೆ ಮೇಲೇಳದೆ ನಡುವೆ ಕುಳಿ ಬೀಳುತ್ತದೆ. ಡರ್ಮಟೋಫೈಬ್ರೋಮಾ ಎಂದು ಇದರ ಹೆಸರು. ಬಿಟ್ಟರೆ ಸಾಕು.

ಕೆಂಪು ರಕ್ತಗಂಟು: ಮುಳ್ಳು ಚುಚ್ಚಿದ ಅಥವಾ ಉಗುರು ಒಳಗೆ ಬೆಳೆದ ಜಾಗದಲ್ಲಿ ಕೆಲವೇ ವಾರಗಳಲ್ಲಿ ಬೆಳೆದು, ಮುಟ್ಟಿದರೆ ಧಾರೆಯಾಗಿ ರಕ್ತ ಸುರಿಸುವ ಕೆಂಪು ಮಾಂಸದ ಮುದ್ದೆ. ಬಸುರಿಯರಲ್ಲೂ ಕಾಣುತ್ತದೆ. ನಿರುಪದ್ರವಿಯೇ, ಆದರೆ ಕ್ಯಾನ್ಸರಿನ ಒಂದು ಬಗೆ ಇದೇ ವೇಷದಲ್ಲಿ ಬರುವುದರಿಂದ ತೋರಿಸಿ ತೆಗೆಸಬೇಕು.

ಹಿಮ್ಮಡಿಯ ಗುಳ್ಳೆ: ನಿಂತಾಗ ಹಿಮ್ಮಡಿಯ ಅಂಚಿನಲ್ಲಿ ಚರ್ಮದ ಬಣ್ಣದ ಮೆತ್ತನೆ ಗುಳ್ಳೆಗಳು ಸಾಲಾಗಿ ಕಾಣುತ್ತವೆ, ಕೂತರೆ ಮಾಯ. ಒಳಗಿನ ಕೊಬ್ಬು ಒತ್ತಡಕ್ಕೆ ಹೊರಗೆ ಉಬ್ಬುವುದು ಇದು. ರೋಗವಲ್ಲ.

ಪಾದದ ಕಮಾನಿನ ಗಂಟು: ಅಂಗಾಲಿನ ನಡುವೆ ನೆಲ ತಾಗದ ಜಾಗದಲ್ಲಿ, ಚರ್ಮದ ಮೇಲಲ್ಲ, ಒಳಗೆ ಸಿಗುವ ಗಟ್ಟಿ ಗಂಟು. ಮೇಲಿನ ಚರ್ಮ ನುಣುಪಾಗಿರುತ್ತದೆ. ಇದಕ್ಕೆ ಕಾರ್ನ್ ಕ್ಯಾಪ್ ಅಂಟಿಸಿ ಪ್ರಯೋಜನವಿಲ್ಲ. ನೋವಿದ್ದರೆ ಎಲುಬಿನ ವೈದ್ಯರಿಗೆ ತೋರಿಸಿ.

ಮುಳ್ಳು ಮತ್ತು ಮದುರಾ ಪಾದ

ಹೊಲದಲ್ಲಿ ದುಡಿಯುವವರು ಇನ್ನೊಂದು ಮಾತು ನೆನಪಿಡಬೇಕು. ಜಾಲಿಮುಳ್ಳಿನ ತುದಿ, ತೊಗರಿ ಕೊಯ್ದ ಕೂಳೆಯ ಚೂರು ಒಳಗೇ ಮುರಿದು ಉಳಿದರೆ ಅದರ ಸುತ್ತ ಗಟ್ಟಿ ಗಂಟು ಕಟ್ಟುತ್ತದೆ. ಚರ್ಮದ ಕಣಗಳು ಮುಳ್ಳಿನ ಜೊತೆ ಒಳಗೆ ಸೇರಿ ನಿಧಾನವಾಗಿ ಬೆಳೆಯುವ ಚೀಲದಂಥ ಗಂಟು ಆಗುವುದೂ ಉಂಟು. ಚುಚ್ಚಿದ್ದು ಮರೆತೇಹೋಗಿರುತ್ತದೆ.

ಇವು ಸಣ್ಣ ತೊಂದರೆಗಳು. ದೊಡ್ಡದು ಮೈಸಿಟೋಮಾ. 1842ರಲ್ಲಿ ಮದುರೈಯ ವೈದ್ಯ ಜಾನ್ ಗಿಲ್ ವರದಿ ಮಾಡಿದ್ದರಿಂದ ಇದಕ್ಕೆ ಮದುರಾ ಪಾದ ಎಂಬ ಹೆಸರು ಬಂತು. 1860ರಲ್ಲಿ ಮೈಸಿಟೋಮಾ ಎಂಬ ಹೆಸರು ಕೊಟ್ಟವನು ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿದ್ದ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ಗ್ರೇ ಅವರ ಅಂಗರಚನಾ ಪುಸ್ತಕದ ಮೊದಲ ಚಿತ್ರಗಳನ್ನು ಬರೆದವನೂ ಇವನೇ. ಮುಂದೆ ನಮ್ಮ ಪಕ್ಕದ ಸಾತಾರದಲ್ಲಿ ಸಿವಿಲ್ ಸರ್ಜನ್ ಆಗಿಯೂ ಕೆಲಸ ಮಾಡಿದ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಈ ಕಾಯಿಲೆಯನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಬರಿಗಾಲಿಗೆ ಮುಳ್ಳು ಚುಚ್ಚಿದಾಗ ಮಣ್ಣಿನಲ್ಲಿರುವ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಒಳಗೆ ಸೇರುತ್ತದೆ. ಮೊದಲು ನೋವಿಲ್ಲದ ಒಂದು ಸಣ್ಣ ಗಟ್ಟಿ ಗಂಟು. ನೋವಿಲ್ಲ ಎಂಬ ಕಾರಣಕ್ಕೇ ಜನ ಸುಮ್ಮನಿರುತ್ತಾರೆ. ತಿಂಗಳು, ವರ್ಷ ಕಳೆದಂತೆ ಪಾದ ಊದಿ, ಹಲವು ತೂತುಗಳಾಗಿ, ಕೀವಿನ ಜೊತೆ ಕಪ್ಪು, ಬಿಳಿ, ಹಳದಿ ಅಥವಾ ಕೆಂಪು ರವೆಯಂಥ ಕಾಳು ಹೊರಬೀಳುತ್ತವೆ. ಆ ಹೊತ್ತಿಗೆ ಎಲುಬಿಗೆ ಇಳಿದಿದ್ದರೆ ಪಾದ ಉಳಿಸುವುದು ಕಷ್ಟ. ಬೇಗ ಬಂದರೆ ಔಷಧದಿಂದ, ಸಣ್ಣ ಶಸ್ತ್ರಚಿಕಿತ್ಸೆಯಿಂದ ಕಾಲು ಉಳಿಯುತ್ತದೆ. ಊದಿದ ಪಾದ, ಸೋರುವ ತೂತು, ಬೀಳುವ ಕಾಳು, ಈ ಮೂರು ಕಂಡರೆ ಅದು ನರಹುಲಿಯಲ್ಲ.

ಎರಡೂ ಅಂಗೈ, ಎರಡೂ ಅಂಗಾಲು

ಒಂದು ಕಾಲಿನ ಒಂದು ಗಂಟು ಬೇರೆ ಮಾತು. ಎರಡೂ ಅಂಗೈ, ಎರಡೂ ಅಂಗಾಲುಗಳಲ್ಲಿ ಜೋಳದ ಕಾಳಿನಂಥ ಗಟ್ಟಿ ಗಂಟುಗಳು ತುಂಬಿದ್ದರೆ ಇನ್ನೊಂದು ಮಾತು. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ಬರುತ್ತದೆ. ಕೆಲವೊಮ್ಮೆ ಕಾರಣ ನೀರಿನಲ್ಲಿರುತ್ತದೆ.

ಇದರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿಯ ನೆರೆಯಲ್ಲಿದೆ. ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇದ್ದದ್ದು, ಆ ನೀರು ಕುಡಿದ ಹಲವರ ಚರ್ಮದಲ್ಲಿ ಅದರ ಗುರುತುಗಳು ಮೂಡಿದ್ದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಆರ್ಸೆನಿಕ್ ನೀರನ್ನು ವರ್ಷಗಟ್ಟಲೆ ಕುಡಿದವರ ಅಂಗೈ, ಅಂಗಾಲಿನಲ್ಲಿ ನರಹುಲಿಯಂಥ ಗಟ್ಟಿ ಗಂಟು ಏಳುತ್ತವೆ, ಮೈಮೇಲೆ ಕಪ್ಪು-ಬಿಳಿ ಚುಕ್ಕೆಗಳು ಬೀಳುತ್ತವೆ. ಮುಂದೆ ಇವು ಕ್ಯಾನ್ಸರಿಗೆ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು. ಒಂದೇ ಬೋರಿನ ನೀರು ಕುಡಿಯುವ ಹಲವು ಮನೆಗಳಲ್ಲಿ ಇಂಥ ಗಂಟು ಕಂಡರೆ ಮದ್ದು ಹುಡುಕುವ ಮೊದಲು ನೀರು ಪರೀಕ್ಷೆ ಮಾಡಿಸಬೇಕು.

ತಡ ಮಾಡದೆ ತೋರಿಸಬೇಕಾದ ಗುರುತುಗಳು

ಪಾದದಲ್ಲಿ ಏಳುವ ಕ್ಯಾನ್ಸರ್ ವಿರಳ. ಆದರೆ ನಮ್ಮಂಥ ಕಂದು ಚರ್ಮದವರಿಗೆ ಮೆಲನೋಮಾ ಎಂಬ ಕಪ್ಪು ಕ್ಯಾನ್ಸರ್ ಬಂದರೆ ಅದು ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅಂಗಾಲು ಮತ್ತು ಉಗುರಿನ ಅಡಿ ಮುಖ್ಯ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಆದದ್ದು ಇದೇ. ಫುಟ್‌ಬಾಲ್ ಆಟದ ಪೆಟ್ಟು ಎಂದು ಮೊದಲು ತಿಳಿಯಲಾಗಿತ್ತು. 1977ರಲ್ಲಿ ರೋಗ ಪತ್ತೆಯಾಯಿತು, 1981ರಲ್ಲಿ 36ನೇ ವಯಸ್ಸಿನಲ್ಲಿ ತೀರಿಕೊಂಡರು. ಹೂಕೋಸಿನಂತೆ ನಿಧಾನವಾಗಿ ಬೆಳೆಯುವ ಇನ್ನೊಂದು ಕ್ಯಾನ್ಸರ್ ವರ್ಷಗಟ್ಟಲೆ ಹಟಮಾರಿ ನರಹುಲಿಯ ವೇಷದಲ್ಲೇ ಇರುತ್ತದೆ.

ಕಾಲಿನ ಗಂಟಿಗೆ ಈ ಐದು ಪ್ರಶ್ನೆ ಕೇಳಿ.

1. ಕಪ್ಪು, ನೀಲಿ, ಕೆಂಪು ಹೀಗೆ ಬೇರೆ ಬಣ್ಣವಿದೆಯೇ, ಒಂದರಲ್ಲೇ ಎರಡು ಮೂರು ಬಣ್ಣವಿದೆಯೇ?
2. ಇದು ಇಂಥದ್ದೇ ಎಂದು ಯಾರೂ ಖಚಿತವಾಗಿ ಹೇಳಿಲ್ಲವೇ?
3. ರಕ್ತ ಅಥವಾ ನೀರು ಸೋರುತ್ತಿದೆಯೇ?
4. ಔಷಧ ಹಚ್ಚಿದರೂ ದೊಡ್ಡದಾಗುತ್ತಿದೆಯೇ?
5. ಎರಡು ತಿಂಗಳಾದರೂ ಮಾಯ್ದಿಲ್ಲವೇ?

ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಚರ್ಮದ ವೈದ್ಯರಿಗೆ ತೋರಿಸಿ. ಅವರು ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಹೆದರಬೇಡಿ. ಬಯಾಪ್ಸಿ ಇಲ್ಲದೆ ನಿಖರ ಚಿಕಿತ್ಸೆ ಇಲ್ಲ. ಹಾಗೆಯೇ, ಯಾವುದೇ ಗಂಟು ಕುಯ್ಯಿಸಿಕೊಂಡರೂ ಅದನ್ನು ಎಸೆಯದೆ ಪರೀಕ್ಷೆಗೆ ಕಳಿಸಲು ಕೇಳಿ. ಸ್ವಲ್ಪ ಹಣ ಉಳಿಸಲು ಹೋಗಿ ಅದೇನೆಂದು ತಿಳಿಯುವ ಏಕೈಕ ಅವಕಾಶ ಕಳೆದುಕೊಳ್ಳಬಾರದು.

ಮನೆಮದ್ದಿನ ಹಾನಿ

ಬಿಬ್ಬಾ, ಕನ್ನಡದ ಕೇರು ಬೀಜ: ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದುದು ಇದರ ರಸದಿಂದ. ಬೀಜಕ್ಕೆ ಸೂಜಿ ಚುಚ್ಚಿ ಕಾಯಿಸಿ ಆ ಎಣ್ಣೆಯನ್ನು ಆಣಿಗೆ ಇಡುವ ರೂಢಿ ಎರಡೂ ಭಾಷೆಯವರಲ್ಲಿದೆ. ಈ ರಸ ಚರ್ಮವನ್ನು ಸುಡುತ್ತದೆ, ಅಲರ್ಜಿಯನ್ನೂ ಎಬ್ಬಿಸುತ್ತದೆ. ಗಂಟಿನ ಸುತ್ತಲ ಒಳ್ಳೆಯ ಚರ್ಮಕ್ಕೂ ಹರಿದು ಬೊಕ್ಕೆ ಎದ್ದು ಕಾಲು ಊದುತ್ತದೆ. ಆಯುರ್ವೇದದಲ್ಲೂ ಇದನ್ನು ಶುದ್ಧಿ ಮಾಡದೆ ಬಳಸಬಾರದು ಎಂದೇ ಇದೆ.

ಸುಣ್ಣ ಮತ್ತು ಸೋಡಾ: ಎರಡು ಸೇರಿದರೆ ತೀಕ್ಷ್ಣ ಕ್ಷಾರ. ಎಷ್ಟು ಆಳಕ್ಕೆ ಸುಡುತ್ತದೆ ಎಂಬುದು ಹಚ್ಚುವವರ ಕೈಯಲ್ಲಿರುವುದಿಲ್ಲ. ಆಸಿಡ್, ಉರಿಯುವ ಊದುಬತ್ತಿ ಇಡುವುದೂ ಹೀಗೆಯೇ.

ಬ್ಲೇಡು: ನರಹುಲಿಯನ್ನು ಕೆತ್ತಿದರೆ ರಕ್ತದ ಜೊತೆ ವೈರಸ್ ಪಕ್ಕದ ಚರ್ಮಕ್ಕೆ ಹರಡಿ ಒಂದಿದ್ದದ್ದು ನಾಲ್ಕಾಗುತ್ತದೆ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಬೇರೆ ಸೋಂಕೂ ದಾಟುತ್ತದೆ. ಕೆತ್ತಿದ ಕಾಲಿನಲ್ಲೇ ದನದ ಹಟ್ಟಿಗೆ, ಹೊಲಕ್ಕೆ ಹೋಗುವವರಿಗೆ ಧನುರ್ವಾಯುವಿನ ಭಯವೂ ಇದೆ.

ಕುದುರೆ ಕೂದಲು ಕಟ್ಟುವುದು: ಜೋತುಬಿದ್ದ ತೆಳು ಮಸಕ್ಕೆ ಕಟ್ಟಿದರೆ ಉದುರಬಹುದು. ಆದರೆ ಅದು ಏನೆಂದು ತಿಳಿಯದೆ ಕಟ್ಟಿದರೆ ಗುರುತೇ ಅಳಿಸಿದಂತೆ, ಕೀವೂ ಆಗಬಹುದು.

ಸಕ್ಕರೆ ಕಾಯಿಲೆ ಇದ್ದವರು ಓದಲೇಬೇಕಾದದ್ದು

ಶುಗರ್ ಇರುವವರ ಕಾಲಿನಲ್ಲಿ ವರ್ಷ ಕಳೆದಂತೆ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ, ರಕ್ತದ ಓಡಾಟವೂ ಇಳಿಯುತ್ತದೆ. ಇಂಥವರಿಗೆ ಆಣಿ ಸಣ್ಣ ವಿಷಯವಲ್ಲ. ದಪ್ಪ ಚರ್ಮದ ಕೆಳಗೆ ನೋವಿಲ್ಲದೆ ಹುಣ್ಣಾಗಿರುತ್ತದೆ. ಮೇಲಿನಿಂದ ನೋಡಿದರೆ ಆಣಿ, ಒಳಗೆ ಕೀವು. ಕಾರ್ನ್ ಕ್ಯಾಪಿನಲ್ಲಿರುವ ಸ್ಯಾಲಿಸಿಲಿಕ್ ಆಸಿಡ್ ಇವರ ಚರ್ಮವನ್ನು ತಿಂದರೂ ಉರಿ ತಿಳಿಯುವುದಿಲ್ಲ. ಅದಕ್ಕೇ ಆ ಪೊಟ್ಟಣದ ಮೇಲೆ ಮಧುಮೇಹಿಗಳು ಬಳಸಬಾರದು ಎಂಬ ಎಚ್ಚರಿಕೆ ಇರುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ. ಬೆರಳು, ಪಾದ ಕತ್ತರಿಸುವ ಹಂತಕ್ಕೆ ಹೋಗುವ ಎಷ್ಟೋ ಪ್ರಕರಣಗಳ ಆರಂಭ ಇಂಥ ಒಂದು ಸಣ್ಣ ಗಾಯ.

ಸ್ಪರ್ಶ ಇದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಸರಳ ಕ್ರಮ ಇದು. ಕಾಯಿಲೆಯವರು ಕಣ್ಣು ಮುಚ್ಚಿ ಮಲಗಲಿ. ಮನೆಯವರೊಬ್ಬರು ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ಕಾಲಿನ ಸ್ಪರ್ಶ ಹೋಗಿದೆ ಎಂದರ್ಥ. ಅಂಥವರು ಆಣಿಗೆ, ನರಹುಲಿಗೆ ತಾವೇ ಏನನ್ನೂ ಹಚ್ಚಬಾರದು, ಬರಿಗಾಲಲ್ಲಿ ಪಾದಯಾತ್ರೆ ಮಾಡಬಾರದು, ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು.

ಶುಗರ್ ಇಲ್ಲದೆಯೂ ಕಾಲು ಜೋಮು ಹಿಡಿದಿದ್ದು, ಮೈಮೇಲೆ ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಮಾಡಿಸಿ. ನಾಚಿಕೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಪೂರ್ತಿ ಗುಣವಾಗುತ್ತದೆ.

ಚಿಕಿತ್ಸೆ ಏನು

ನರಹುಲಿ ಎಂದು ಖಚಿತವಾದರೆ, ಶುಗರ್ ಇಲ್ಲದ ಆರೋಗ್ಯವಂತರು ಮೊದಲು ಸ್ಯಾಲಿಸಿಲಿಕ್ ಆಸಿಡ್ ದ್ರಾವಣ ಬಳಸಬಹುದು. ರಾತ್ರಿ ಕಾಲು ನೆನೆಸಿ, ಸತ್ತ ಚರ್ಮ ತಿಕ್ಕಿ, ಸುತ್ತಲ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಗಂಟಿನ ಮೇಲೆ ಮಾತ್ರ ಔಷಧ ಬಿಡಬೇಕು. ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ನಾಲ್ಕು ದಿನದಲ್ಲಿ ಹೋಗುವುದಿಲ್ಲ.

ಆಸ್ಪತ್ರೆಗಳಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ವಿದ್ಯುತ್ ಸೂಜಿಯಿಂದ ಸುಡುವುದು, ದೇಹದ ರೋಗನಿರೋಧಕ ಶಕ್ತಿ ಎಚ್ಚರಿಸಲು ಗಂಟಿನೊಳಗೆ ಲಸಿಕೆಯ ಚುಚ್ಚುಮದ್ದು ಕೊಡುವುದು ಮುಂತಾದ ಕ್ರಮಗಳಿವೆ. ದುಬಾರಿಯಾದದ್ದೇ ಉತ್ತಮ ಎಂದೇನಿಲ್ಲ. ಅಂಗಾಲಿನ ನರಹುಲಿ ಇದ್ದ 240 ಜನರ ಮೇಲೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಪ್ಪುಗಟ್ಟಿಸಿದವರಿಗೂ ಆಸಿಡ್ ಹಚ್ಚಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. 12 ವಾರಕ್ಕೆ ಎರಡೂ ಗುಂಪಿನಲ್ಲಿ ಪೂರ್ತಿ ಗುಣವಾದವರು ಶೇ. 14 ಮಾತ್ರ. ಒಂದೇ ಸಲಕ್ಕೆ ಗ್ಯಾರಂಟಿ ಎಂದು ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂಗುವವರ ಮಾತನ್ನು ಇದರ ಜೊತೆ ಇಟ್ಟು ನೋಡಬೇಕು. ನೋವಿಲ್ಲದ ಮಗುವಿನ ನರಹುಲಿಗೆ ಕಾದು ನೋಡುವುದೂ ಒಂದು ಚಿಕಿತ್ಸೆಯೇ.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಅಕ್ಕಲಕೋಟದ ಸರ್ಕಾರಿ ಆಸ್ಪತ್ರೆ. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ತನ್ನ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ ಮಾಡುವ ನಿರ್ಧಾರ ಕೈಗೊಂಡಿತು. ಚರ್ಮದ ತಜ್ಞರು ಬೇಕಾದರೆ ಸೊಲ್ಲಾಪುರದಲ್ಲಿ ಜನ ಸಿವಿಲ್ ಎಂದೇ ಕರೆಯುವ ಶ್ರೀ ಛತ್ರಪತಿ ಶಿವಾಜಿ ಮಹಾರಾಜ ಸರ್ವೋಪಚಾರ ರುಗ್ಣಾಲಯವಿದೆ. ಇದು 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಗಡಿಯ ಈಚೆ ಅಫಜಲಪುರ, ಆಳಂದ, ಇಂಡಿ ಕಡೆಯವರಿಗೆ ಕಲಬುರಗಿ ಮತ್ತು ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರ.

ಮೈಂದರಗಿ, ದುಧನಿ, ನಾಗಣಸೂರ, ತಡವಳ ಕಡೆಯ ಎಷ್ಟೋ ಹಿರಿಯರಿಗೆ, ಅದರಲ್ಲೂ ಅಜ್ಜಿಯರಿಗೆ, ಕನ್ನಡವೇ ಬಾಯಿಗೆ ಬರುವುದು. ಪೇಟೆಯ ವೈದ್ಯರು ಮರಾಠಿಯಲ್ಲಿ ಕೇಳುತ್ತಾರೆ. ಮೊಮ್ಮಕ್ಕಳು ನಡುವೆ ನಿಂತು ಹೇಳುವಾಗ ಎಲ್ಲವೂ ಕುರೂಪ ಆಗಿಬಿಡುತ್ತದೆ. ಅದಕ್ಕೆ ಈ ಮಾತುಗಳು ನೆನಪಿರಲಿ. ಆಣಿಗೆ ಕುರೂಪ ಅಥವಾ ಭೋವರಿ, ನರಹುಲಿಗೆ ಚಾಮಖೀಳ, ದಡ್ಡಿಗೆ ಘಟ್ಟಾ, ಒಳಗಿನ ಗಂಟಿಗೆ ಗಾಠ, ಜೋತುಬಿದ್ದ ಗಂಟಿಗೆ ಮಸ, ಸ್ಪರ್ಶ ಇಲ್ಲದ್ದಕ್ಕೆ ಬಧಿರ. ರೋಗದ ಹೆಸರನ್ನು ನಾವೇ ಹೇಳುವುದಕ್ಕಿಂತ ನಾಲ್ಕು ಸಂಗತಿ ಹೇಳಿದರೆ ವೈದ್ಯರಿಗೆ ಹೆಚ್ಚು ಉಪಯೋಗ. ಎಷ್ಟು ದಿನದಿಂದ ಇದೆ, ರಕ್ತ ಬಂದಿದೆಯೇ, ಏನೇನು ಹಚ್ಚಿದ್ದೀರಿ, ಶುಗರ್ ಇದೆಯೇ. ಬಿಬ್ಬಾ ಹಚ್ಚಿದ್ದನ್ನು ಬೈಯುತ್ತಾರೆಂದು ಮುಚ್ಚಿಡಬೇಡಿ. ಸುಟ್ಟ ಗಂಟಿನ ಮೂಲ ರೂಪ ವೈದ್ಯರಿಗೆ ಕಾಣುವುದಿಲ್ಲ, ನಿಮ್ಮ ಮಾತೇ ಅವರಿಗೆ ಆಧಾರ. ಏನನ್ನಾದರೂ ಹಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಬೆಳೆದಿದೆಯೋ ಇಲ್ಲವೋ ಎಂಬುದು ಮುಂದಿನ ತಿಂಗಳು ನೋಡಿದಾಗ ತಾನಾಗಿ ತಿಳಿಯುತ್ತದೆ.